ಓಟಗಾರನ ಚೀಲದಲ್ಲಿ ಲಿಗ್ನೋಕೇನ್ ಸ್ಪ್ರೇ

ಇದು ಲಿಗ್ನೋಕೇನ್ ಶೇಕಡಾ 10ರ ಸ್ಪ್ರೇ ಕುರಿತ ವಿಮರ್ಶೆ. ಹಲ್ಲಿನ ವೈದ್ಯರ ತಟ್ಟೆಯಲ್ಲೋ, ಕಿವಿ-ಮೂಗು-ಗಂಟಲಿನ ವೈದ್ಯರ ಮೇಜಿನ ಮೇಲೋ ಉದ್ದ ಮೂತಿಯ ಈ ಶೀಸೆಯನ್ನು ಬಹಳ ಮಂದಿ ಕಂಡಿರುತ್ತಾರೆ. ಸೂಜಿ ಚುಚ್ಚುವ ಮೊದಲು ಒಸಡನ್ನು ಮರಗಟ್ಟಿಸಲು, ಗಂಟಲಿಗೆ ನಳಿಗೆ ಇಳಿಸುವ ಮೊದಲು ಓಕರಿಕೆಯನ್ನು ಅಡಗಿಸಲು ತಯಾರಾದ ಔಷಧವಿದು. ನಾನು ಇದನ್ನು ಕೊಂಡದ್ದು ಇವೆರಡಕ್ಕೂ ಅಲ್ಲ. ಓಡಿ ನಿಂತ ಮೇಲೆ ಎದೆ ಬಿಗಿದು ಬರುವ ಉಬ್ಬಸವನ್ನು ತಡೆಯಲು. ತಯಾರಕರು ಎಲ್ಲಿಯೂ ಹೇಳಿಕೊಳ್ಳದ ಗುಣವನ್ನು ಒಂದು ಸರಕಿನಲ್ಲಿ ಹುಡುಕಿ, ಅದು ಸಿಗಲಿಲ್ಲವೆಂದು ದೂರುವುದು ನ್ಯಾಯವಲ್ಲವೆಂದು ನನಗೆ ಗೊತ್ತಿದೆ. ಆದರೂ ಬರೆಯಲು ಕಾರಣವಿದೆ. ಈ ಆಲೋಚನೆ ನನ್ನೊಬ್ಬನ ತಲೆಯಲ್ಲಿ ಹುಟ್ಟಿದ್ದಲ್ಲ. ಅದರ ಹಿಂದೆ ನಾಲ್ಕು ದಶಕಗಳಿಗೂ ಹಳೆಯದಾದ ನಿಜವಾದ ಸಂಶೋಧನೆಯಿದೆ, ಮತ್ತು ಅರ್ಧ ಓದಿದ ಸಂಶೋಧನೆ ಮನುಷ್ಯನನ್ನು ಔಷಧದ ಅಂಗಡಿಯವರೆಗೂ ನಡೆಸಿಕೊಂಡು ಹೋಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ನಾನು ಮೈಸೂರಿನ ಫಾರ್ಮಸಿ ಕಾಲೇಜೊಂದರಲ್ಲಿ ಪಾಠ ಹೇಳುವವನು, ವಯಸ್ಸು 47. ವಾರದಲ್ಲಿ ನಾಲ್ಕು ದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ಓಡುತ್ತೇನೆ. ಮಳೆಗಾಲದಲ್ಲಿ ಏನೂ ತೊಂದರೆಯಿಲ್ಲ. ಡಿಸೆಂಬರ್ ಹಿಡಿದು ಫೆಬ್ರವರಿಯವರೆಗೆ, ಗಾಳಿ ತಣ್ಣಗಾಗಿ ಒಣಗಿರುವ ಬೆಳಗುಗಳಲ್ಲಿ ಮಾತ್ರ ಬೇರೆಯ ಕಥೆ. ಓಡುತ್ತಿರುವಾಗ ಅಷ್ಟಾಗಿ ಅನ್ನಿಸುವುದಿಲ್ಲ. ನಿಂತ ಐದು ನಿಮಿಷಕ್ಕೆ ಗಂಟಲಲ್ಲಿ ಕೆರೆತ ಶುರುವಾಗುತ್ತದೆ, ಅದರ ಬೆನ್ನಿಗೆ ಒಣ ಕೆಮ್ಮು, ಆಮೇಲೆ ಎದೆಯೊಳಗೆ ಸಣ್ಣಗೆ ಸಿಳ್ಳೆ. ಮುಕ್ಕಾಲು ಗಂಟೆಯಲ್ಲಿ ತಾನಾಗಿಯೇ ಇಳಿಯುತ್ತದೆ. ನಮ್ಮ ತಾಯಿಯವರು ಇದ್ದಿದ್ದರೆ ಗೂರಲು ಎಂದು ಒಂದೇ ಮಾತಿನಲ್ಲಿ ಹೇಳಿ ಓಟವನ್ನೇ ನಿಲ್ಲಿಸಿಬಿಡುತ್ತಿದ್ದರು. ವೈದ್ಯಕೀಯದಲ್ಲಿ ಇದಕ್ಕೆ ವ್ಯಾಯಾಮದಿಂದ ಕೆರಳುವ ಶ್ವಾಸನಾಳದ ಬಿಗಿತ ಎನ್ನುತ್ತಾರೆ. ಮೊದಲೇ ಅಸ್ತಮಾ ಇರುವವರಲ್ಲಿ ಬಹುಪಾಲು ಜನರಿಗೆ ಇದು ಬರುತ್ತದೆ, ಬೇರೆ ಯಾವ ಅಸ್ತಮಾ ಲಕ್ಷಣವೂ ಇಲ್ಲದ ಕ್ರೀಡಾಪಟುಗಳಲ್ಲೂ ಕಾಣಿಸಿಕೊಳ್ಳುತ್ತದೆ.

ಗಂಟಲಿನ ಕೆರೆತದಿಂದಲೇ ಎಲ್ಲವೂ ಶುರುವಾಗುತ್ತದೆ ಎಂಬ ಈ ಒಂದು ಅನುಭವವೇ ನನ್ನನ್ನು ದಾರಿ ತಪ್ಪಿಸಿದ್ದು. ಸ್ಥಳೀಯ ಅರಿವಳಿಕೆಗಳ ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುವಾಗ, ಬಾಯಿ ಮತ್ತು ಗಂಟಲಿನ ಒಳಪದರವನ್ನು ಲಿಗ್ನೋಕೇನ್‌ನಿಂದ ಮರಗಟ್ಟಿಸಿದರೆ ವ್ಯಾಯಾಮದ ನಂತರದ ಬಿಗಿತ ಕಡಿಮೆಯಾಗುತ್ತದೆ ಎಂದು ಹೇಳಿದ, 1970ರ ದಶಕದ ಕೊನೆಯ ಒಂದು ಅಮೆರಿಕನ್ ಪ್ರಬಂಧದ ಸಾರಾಂಶ ಕಣ್ಣಿಗೆ ಬಿತ್ತು. ಸಾರಾಂಶವನ್ನಷ್ಟೇ ಓದಿದೆ. ಮುಂದಿನ ಮೂರು ವರ್ಷಗಳಲ್ಲಿ ಅದೇ ವಿಷಯದ ಮೇಲೆ ಬಂದ ಬರಹಗಳನ್ನು ಓದಲಿಲ್ಲ. ವಿದ್ಯಾರ್ಥಿಯೊಬ್ಬ ಹೀಗೆ ಮಾಡಿದ್ದರೆ ಆಂತರಿಕ ಅಂಕ ಕತ್ತರಿಸುತ್ತಿದ್ದೆ.

ಇನ್ನು ಸರಕಿನ ವಿಷಯ. ಶೀಸೆ ಒಂದರಲ್ಲಿ 50 ಮಿಲಿಲೀಟರ್ ದ್ರಾವಣ. ಒಮ್ಮೆ ಒತ್ತಿದರೆ 10 ಮಿಲಿಗ್ರಾಂ ಲಿಗ್ನೋಕೇನ್ ಹೊರಬರುತ್ತದೆ. ಮೂತಿ ಉದ್ದವಾಗಿ ಬಾಗಿರುವುದರಿಂದ ಕಿರುನಾಲಗೆಯ ಹಿಂದಕ್ಕೂ ತಲುಪಿಸಬಹುದು. ರುಚಿ ಕಡುಕಹಿ, ಅದನ್ನು ಮರೆಮಾಡಲು ಬೆರೆಸಿದ ಪರಿಮಳ ಕಹಿಯನ್ನು ಅಡಗಿಸುವ ಬದಲು ಅದರ ಜೊತೆಗೆ ಬಂದು ಕೂರುತ್ತದೆ. ಒಂದರಿಂದ ಮೂರು ನಿಮಿಷದಲ್ಲಿ ನಾಲಗೆಯ ಬುಡ ಮರಗಟ್ಟುತ್ತದೆ, ಉಗುಳು ನುಂಗಿದರೆ ನುಂಗಿದ್ದೇ ತಿಳಿಯುವುದಿಲ್ಲ, ಗಂಟಲಲ್ಲಿ ಏನೋ ದಪ್ಪನೆಯದು ಸಿಕ್ಕಿಕೊಂಡಂತೆ ಭಾಸವಾಗುತ್ತದೆ. ಪರಿಣಾಮ ಹತ್ತರಿಂದ ಹದಿನೈದು ನಿಮಿಷ ನಿಂತು ಇಳಿಯುತ್ತದೆ. ಒಸಡಿನ ಕೆಲಸಕ್ಕೆ ಇದು ಹೇಳಿ ಮಾಡಿಸಿದ ಅವಧಿ. ಓಟಗಾರನಿಗೆ ಮಾತ್ರ ಇಲ್ಲೇ ಮೊದಲ ಎಡವಟ್ಟು: ಮೂವತ್ತು ನಿಮಿಷ ಓಡುವವನಿಗೆ ಉಬ್ಬಸ ಬರುವುದು ಓಟ ಮುಗಿದ ಮೇಲೆ, ಅದು ತೀವ್ರವಾಗುವುದು ನಿಂತ ಐದರಿಂದ ಹದಿನೈದು ನಿಮಿಷಗಳೊಳಗೆ. ಹೊರಡುವ ಮುನ್ನ ಹೊಡೆದುಕೊಂಡ ಔಷಧ ಆ ಹೊತ್ತಿಗೆ ಬಹುಮಟ್ಟಿಗೆ ಇಳಿದು ಹೋಗಿರುತ್ತದೆ. ಈ ಲೆಕ್ಕವನ್ನು ಶೀಸೆಯ ಜೊತೆಗಿದ್ದ ಚೀಟಿ ಓದಿ ಮನೆಯಲ್ಲಿ ಕೂತೇ ಹಾಕಬಹುದಿತ್ತು.

ಎರಡನೆಯ ತೊಡಕು ಹನಿಯ ಗಾತ್ರದ್ದು. ಶ್ವಾಸಕೋಶದ ಸಣ್ಣ ನಾಳಗಳವರೆಗೆ ಔಷಧ ಇಳಿಯಬೇಕಾದರೆ ಹನಿಗಳು ಸುಮಾರು 5 ಮೈಕ್ರಾನ್‌ಗಿಂತ ಚಿಕ್ಕದಾಗಿರಬೇಕು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು); ಔಷಧವನ್ನು ಮಂಜಾಗಿಸಿ ಕೊಡುವ ನೆಬ್ಯುಲೈಸರ್ ಮತ್ತು ಇನ್ಹೇಲರ್‌ಗಳ ವಿನ್ಯಾಸವೆಲ್ಲ ಆ ಗಾತ್ರವನ್ನು ಸಾಧಿಸುವುದಕ್ಕಾಗಿಯೇ ಇರುವುದು. ಗಂಟಲಿನ ಸ್ಪ್ರೇ ಉಗುಳುವುದು ದಪ್ಪ ಹನಿಗಳನ್ನು. ಅವು ನಾಲಗೆ, ಅಂಗುಳ, ಗಂಟಲಿನ ಗೋಡೆಗಳಿಗೆ ಬಡಿದು ಅಲ್ಲೇ ಕೂರುತ್ತವೆ. ಎಷ್ಟೇ ಜೋರಾಗಿ ಉಸಿರೆಳೆದುಕೊಂಡರೂ ಬಿಗಿಯುವ ಜಾಗಕ್ಕೆ ಔಷಧ ಹೋಗುವುದಿಲ್ಲ.

ಹಾಗಿದ್ದರೆ ಸಂಶೋಧಕರು ಗಂಟಲನ್ನು ಮರಗಟ್ಟಿಸಲು ಹೋದದ್ದಾದರೂ ಏಕೆ? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ದ್ರಾವಣದ ಹನಿಯಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದಾಗ ಸ್ಥಳೀಯ ಅರಿವಳಿಕೆಯ ಯುಗ ಆರಂಭವಾಯಿತು. ಕೊಕೇನ್‌ನ ಚಟವಿಲ್ಲದ ಬದಲಿಗಾಗಿ ನಡೆದ ಹುಡುಕಾಟದಲ್ಲಿ ಮೊದಲು ಪ್ರೊಕೇನ್ ಬಂತು. 1943ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಿಲ್ಸ್ ಲೋಫ್‌ಗ್ರೆನ್ ಲಿಡೋಕೇನ್ ತಯಾರಿಸಿದರು, ಅವರ ಕಿರಿಯ ಸಹೋದ್ಯೋಗಿ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತಮ್ಮ ಮೈಮೇಲೆಯೇ ಚುಚ್ಚಿಕೊಂಡು ಪರೀಕ್ಷಿಸಿದರು. 1948ರಲ್ಲಿ ಅದು ಮಾರುಕಟ್ಟೆಗೆ ಬಂತು. ಲಿಡೋಕೇನ್, ಲಿಗ್ನೋಕೇನ್ ಎರಡೂ ಒಂದೇ. ನಮ್ಮ ಅಂಗಡಿಗಳ ಶೀಸೆಗಳ ಮೇಲೆ ಬ್ರಿಟಿಷರ ರೂಢಿಯ ಲಿಗ್ನೋಕೇನ್ ಎಂಬ ಹೆಸರೇ ಹೆಚ್ಚು ಕಾಣುತ್ತದೆ. ನರದ ಪೊರೆಯಲ್ಲಿರುವ ಸೋಡಿಯಂ ದ್ವಾರಗಳನ್ನು ಇದು ಮುಚ್ಚುತ್ತದೆ. ಸೋಡಿಯಂ ಒಳಬರದಿದ್ದರೆ ಸಂದೇಶ ಮುಂದಕ್ಕೆ ಸಾಗುವುದಿಲ್ಲ. ನೋವಾದರೂ ಅಷ್ಟೇ, ಕೆರೆತವಾದರೂ ಅಷ್ಟೇ.

ಶ್ವಾಸನಾಳಗಳ ಒಳಪದರದಲ್ಲಿಯೂ ಇಂಥ ನರಗಳ ತುದಿಗಳಿವೆ. ಹೊಗೆ, ಧೂಳು, ತಣ್ಣನೆಯ ಗಾಳಿ ತಗುಲಿದಾಗ ಅವು ವೇಗಸ್ ನರದ ಮೂಲಕ ಮೆದುಳಿನ ಬುಡಕ್ಕೆ ಸುದ್ದಿ ಕಳಿಸುತ್ತವೆ; ಅದೇ ನರದ ಇನ್ನೊಂದು ದಾರಿಯಿಂದ ಮರಳಿ ಬರುವ ಆಜ್ಞೆ ಶ್ವಾಸನಾಳದ ಸುತ್ತಣ ಸ್ನಾಯುವನ್ನು ಬಿಗಿಯುತ್ತದೆ. 1970ರ ದಶಕದಲ್ಲಿ ಅಸ್ತಮಾದ ಬಹುಭಾಗವನ್ನು ಈ ಪ್ರತಿವರ್ತನೆಯಿಂದ ವಿವರಿಸಬಹುದೆಂಬ ನಂಬಿಕೆ ಬಲವಾಗಿತ್ತು. ಓಡುವವನು ಬಾಯಿಂದ ಉಸಿರಾಡುತ್ತಾನೆ, ಮೂಗಿನಲ್ಲಿ ಬೆಚ್ಚಗಾಗದ ತಣ್ಣನೆಯ ಒಣಗಾಳಿ ನೇರವಾಗಿ ಗಂಟಲಿಗೆ ಬಡಿಯುತ್ತದೆ, ಅಲ್ಲಿನ ನರಗಳು ಕೆರಳುತ್ತವೆ. ಹೀಗಿರುವಾಗ ಸುದ್ದಿ ಹೊರಡುವ ಜಾಗದಲ್ಲೇ ತಂತಿ ಕತ್ತರಿಸಿದರೆ ಬಿಗಿತ ಬರಬಾರದು. ತರ್ಕ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದನ್ನು ಪರೀಕ್ಷಿಸದೆ ಇರಲು ಸಾಧ್ಯವೇ ಇರಲಿಲ್ಲ. ನಾನು ಓದಿದ ಸಾರಾಂಶ ಈ ಘಟ್ಟದ್ದು.

ಓದದೆ ಬಿಟ್ಟದ್ದು ಆಮೇಲಿನದು. 1980ರ ದಶಕದ ಆರಂಭದಲ್ಲಿ ಲಿಗ್ನೋಕೇನನ್ನು ಮಂಜಿನಂತೆ ಉಸಿರಾಡಿಸಿ, ಹೋಲಿಕೆಗೆ ಬರಿಯ ಉಪ್ಪುನೀರಿನ ಮಂಜನ್ನೂ ಇತರ ಔಷಧಗಳನ್ನೂ ಇಟ್ಟುಕೊಂಡು ನಡೆದ ಪ್ರಯೋಗಗಳಲ್ಲಿ ಆ ಮೊದಲಿನ ಭರವಸೆ ಗಟ್ಟಿಯಾಗಿ ನಿಲ್ಲಲಿಲ್ಲ; ಫಲಿತಾಂಶಗಳು ಒಂದಕ್ಕೊಂದು ಹೊಂದಲಿಲ್ಲ. ಭಾಗವಹಿಸಿದವರ ಸಂಖ್ಯೆಯೂ ಚಿಕ್ಕದು. ಅದೇ ಕಾಲದಲ್ಲಿ ವ್ಯಾಯಾಮದ ಉಬ್ಬಸದ ಕಾರಣದ ಬಗೆಗಿನ ತಿಳಿವಳಿಕೆಯೂ ಬದಲಾಯಿತು. ಅಮೆರಿಕದ ಮೆಕ್‌ಫ್ಯಾಡನ್ ಮತ್ತು ಸಂಗಡಿಗರು ಶ್ವಾಸನಾಳ ತಂಪಾಗಿ, ಓಟ ನಿಂತೊಡನೆ ಮತ್ತೆ ಬಿಸಿಯಾಗುವುದರಲ್ಲಿ ಕಾರಣ ಕಂಡರು. ಸಿಡ್ನಿಯ ಸಾಂಡ್ರಾ ಆಂಡರ್ಸನ್ ನೀರಿನ ಕಡೆಗೆ ಬೆರಳು ತೋರಿಸಿದರು: ವೇಗದ ಉಸಿರಾಟ ಒಳಪದರದ ನೀರನ್ನು ಆರಿಸುತ್ತದೆ, ಉಳಿದ ತೆಳು ದ್ರವದಲ್ಲಿ ಉಪ್ಪಿನಂಶ ಏರುತ್ತದೆ, ಆ ಏರಿಕೆಗೆ ಮಾಸ್ಟ್ ಕೋಶಗಳು (ಅಲರ್ಜಿಯ ರಾಸಾಯನಿಕಗಳನ್ನು ಹೊತ್ತ ಕೋಶಗಳು) ಹಿಸ್ಟಮಿನ್, ಲ್ಯೂಕೊಟ್ರೈನ್, ಪ್ರೊಸ್ಟಗ್ಲಾಂಡಿನ್‌ಗಳನ್ನು ಹೊರಚೆಲ್ಲುತ್ತವೆ, ಅವು ಸ್ನಾಯುವನ್ನು ನೇರವಾಗಿ ಬಿಗಿಯುತ್ತವೆ. ಈ ವಿವರಣೆಯಲ್ಲಿ ನರಕ್ಕೆ ಪಾತ್ರವೇ ಇಲ್ಲವೆಂದಲ್ಲ. ಆದರೆ ನಾಟಕದ ನಾಯಕ ಬೇರೆ. ಸ್ನಾಯುವಿನ ಪಕ್ಕದಲ್ಲೇ ರಾಸಾಯನಿಕ ಸುರಿಯುತ್ತಿರುವಾಗ ಗಂಟಲಿನ ನರವನ್ನು ಮಲಗಿಸಿ ಏನು ಫಲ?

ಇದಕ್ಕಿಂತ ಕಳವಳಪಡಿಸಿದ ಸಂಗತಿ ಇನ್ನೊಂದಿದೆ. ಅಸ್ತಮಾ ಇರುವವರು ಲಿಗ್ನೋಕೇನನ್ನು ಉಸಿರಾಡಿದಾಗ ಅವರಲ್ಲಿ ಕೆಲವರ ಶ್ವಾಸನಾಳ ಮೊದಲ ಕೆಲವು ನಿಮಿಷಗಳಲ್ಲಿ ಬಿಗಿಯುತ್ತದೆ. ಉಬ್ಬಸ ತಡೆಯಲೆಂದು ಕೊಟ್ಟದ್ದೇ ಉಬ್ಬಸ ತರಿಸುತ್ತದೆ. ಇದು 1970ರ ದಶಕದಿಂದಲೇ ಗೊತ್ತಿರುವ ವಿಷಯ. ಮುಂದೆ ಜರ್ಮನಿಯ ಅರಿವಳಿಕೆ ತಜ್ಞ ಹರಾಲ್ಡ್ ಗ್ರೋಬೆನ್ ಮತ್ತು ಸಂಗಡಿಗರು ಇದನ್ನು ವಿವರವಾಗಿ ಪರಿಶೀಲಿಸಿದರು. ರಕ್ತನಾಳದ ಮೂಲಕ ಕೊಟ್ಟ ಲಿಡೋಕೇನ್ ಹಿಸ್ಟಮಿನ್‌ನಿಂದಾಗುವ ಬಿಗಿತವನ್ನು ತಗ್ಗಿಸುತ್ತದೆ. ಉಸಿರಿನ ಮೂಲಕ ಕೊಟ್ಟದ್ದೂ ಕೊನೆಗೆ ತಗ್ಗಿಸುತ್ತದೆ, ಆದರೆ ಅದಕ್ಕೂ ಮೊದಲು ತಾನೇ ಸ್ವಲ್ಪ ಬಿಗಿಯುತ್ತದೆ. ಶ್ವಾಸನಾಳವನ್ನು ಸಡಿಲಿಸುವ ಇನ್ಹೇಲರ್ ಔಷಧ ಸಾಲ್ಬ್ಯುಟಮಾಲನ್ನು ಮೊದಲೇ ಕೊಟ್ಟಿದ್ದರೆ ಆ ಆರಂಭದ ಬಿಗಿತ ಕಾಣಿಸುವುದಿಲ್ಲ. ಅಸ್ತಮಾ ರೋಗಿಗೆ ಬ್ರಾಂಕೋಸ್ಕೋಪಿ (ನಳಿಗೆ ಇಳಿಸಿ ಶ್ವಾಸನಾಳದ ಒಳಗನ್ನು ನೋಡುವ ಪರೀಕ್ಷೆ) ಮಾಡುವ ಮೊದಲು, ಎಚ್ಚರದಲ್ಲಿರುವಾಗಲೇ ಗಂಟಲಿಗೆ ನಳಿಗೆ ಇಳಿಸುವ ಮೊದಲು, ಈ ಜ್ಞಾನ ಬಹಳ ಬೆಲೆಬಾಳುವಂಥದು. ಓಟಗಾರನಿಗೆ ಮಾತ್ರ ಅದರ ಅರ್ಥ ಬಹಳ ಸರಳ: ಲಿಗ್ನೋಕೇನ್ ಸುರಕ್ಷಿತವಾಗಿ ಒಳಹೋಗಬೇಕಾದರೆ ಮೊದಲು ಸಾಲ್ಬ್ಯುಟಮಾಲ್ ಬೇಕು, ಮತ್ತು ಸಾಲ್ಬ್ಯುಟಮಾಲ್ ತೆಗೆದುಕೊಂಡ ಮೇಲೆ ಲಿಗ್ನೋಕೇನ್‌ಗೆ ಮಾಡಲು ಕೆಲಸವೇ ಉಳಿಯುವುದಿಲ್ಲ.

ಲಿಡೋಕೇನ್‌ನ ಅಸ್ತಮಾ ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಅಲರ್ಜಿಯ ಊತದಲ್ಲಿ ಮುಖ್ಯವಾದ ಇಯೊಸಿನೊಫಿಲ್ ಎಂಬ ಬಿಳಿಯ ರಕ್ತಕಣಗಳ ಆಯುಷ್ಯವನ್ನು ಲಿಡೋಕೇನ್ ಪ್ರಯೋಗಶಾಲೆಯಲ್ಲಿ ಕುಗ್ಗಿಸುತ್ತದೆಂದು ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು 1990ರ ದಶಕದಲ್ಲಿ ಕಂಡರು. ಅರಿವಳಿಕೆಯಾಗಿ ಅಲ್ಲ, ಊತ ತಗ್ಗಿಸುವ ಸ್ಟೀರಾಯ್ಡ್‌ನ ಬದಲಿಯಾಗಿ ಅದನ್ನು ಬಳಸಬಹುದೇ ಎಂಬ ಪ್ರಶ್ನೆ ಹೀಗೆ ಹುಟ್ಟಿತು. 2004ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 50 ಮಂದಿ ಅಸ್ತಮಾ ರೋಗಿಗಳಲ್ಲಿ ಕೆಲವರು ಲಿಡೋಕೇನನ್ನು, ಉಳಿದವರು ಉಪ್ಪುನೀರನ್ನು ನೆಬ್ಯುಲೈಸರ್ ಮೂಲಕ ಎಂಟು ವಾರ ತೆಗೆದುಕೊಂಡರು. ಲಿಡೋಕೇನ್ ಗುಂಪಿನವರ ಸ್ಥಿತಿ ಉತ್ತಮವಾಯಿತು. ಆಸೆ ಚಿಗುರಿತು. ಆದರೆ 2010ರಲ್ಲಿ ಬೇರೊಂದು ತಂಡ ಪ್ರಕಟಿಸಿದ ಎರಡು ಪ್ರಯೋಗಗಳು, ರೋಗಿಗೂ ವೈದ್ಯರಿಗೂ ಯಾವುದು ಔಷಧ ಯಾವುದು ಅಲ್ಲ ಎಂದು ತಿಳಿಯದಂತೆ ಏರ್ಪಡಿಸಿದ್ದವು, ಲಿಡೋಕೇನ್‌ನಿಂದ ಪ್ರಯೋಜನವಿಲ್ಲವೆಂದು ತೋರಿಸಿದವು. ಜಾಗತಿಕ ಅಸ್ತಮಾ ಮಾರ್ಗದರ್ಶಿಯ ಚಿಕಿತ್ಸಾ ಮೆಟ್ಟಿಲುಗಳಲ್ಲಿ ಇಂದಿಗೂ ಇದಕ್ಕೆ ಜಾಗವಿಲ್ಲ.

ಇದೆಲ್ಲವನ್ನೂ ನಾನು ಓದಿದ್ದು ಶೀಸೆ ಕೊಂಡ ಮೇಲೆ, ಅದೂ ಬಳಸಿ ಪೆಟ್ಟು ತಿಂದ ಮೇಲೆ.

ಪೆಟ್ಟಿನ ವಿವರ ಹೀಗಿದೆ. ಮನೆಯಲ್ಲಿ ಪೀಕ್ ಫ್ಲೋ ಮೀಟರ್ ಇತ್ತು. ಪೂರ್ತಿ ಉಸಿರೆಳೆದು ಒಂದೇ ಬಾರಿಗೆ ರಭಸದಿಂದ ಊದಿದರೆ ಗಾಳಿಯ ಗರಿಷ್ಠ ವೇಗವನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ತೋರಿಸುವ, ಮುಳ್ಳು ಜಾರುವ ಪ್ಲಾಸ್ಟಿಕ್ ಕೊಳವೆ ಅದು. ಇದರ ಮೂಲರೂಪವನ್ನು ಬ್ರಿಟನ್ನಿನ ಮಾರ್ಟಿನ್ ರೈಟ್ 1950ರ ದಶಕದಲ್ಲಿ ರೂಪಿಸಿದರು. ಮೂರು ಸಲ ಊದಿ ಹೆಚ್ಚಿನದನ್ನು ಬರೆದುಕೊಳ್ಳಬೇಕು. ಆರಾಮವಾಗಿರುವಾಗ ನನ್ನದು 530. ಜನವರಿಯ ಬೆಳಿಗ್ಗೆ ಏನೂ ತೆಗೆದುಕೊಳ್ಳದೆ ಓಡಿ, ನಿಂತ ಹತ್ತು ನಿಮಿಷಕ್ಕೆ ಊದಿದರೆ 410ರ ಆಸುಪಾಸು. ಮರುದಿನ ಬಿಟ್ಟು ಅದರ ಮರುದಿನ, ಹೊರಡುವ ಮೊದಲು ಎರಡು ಬಾರಿ ಸ್ಪ್ರೇ ಹೊಡೆದುಕೊಂಡು ಅಷ್ಟೇ ದೂರ ಓಡಿದೆ. ಆ ದಿನದ ಓಟ ಚೆನ್ನಾಗಿತ್ತು ಎಂದೇ ಅನ್ನಿಸಿತು. ಗಂಟಲಲ್ಲಿ ಕೆರೆತವಿಲ್ಲ, ಕೆಮ್ಮು ತಡವಾಗಿ ಬಂತು. ಸಂತೋಷದಿಂದ ಮೀಟರ್ ಊದಿದೆ. 400.

ಇನ್ನೂ ಎರಡು ಸಲ ಹೀಗೆಯೇ ಮಾಡಿದೆ, ಅಂಕಿಗಳು ಅಲ್ಲೇ ಸುಳಿದಾಡಿದವು. ನಾನೊಬ್ಬನೇ, ಮೂರೇ ಓಟ, ಯಾವಾಗ ಸ್ಪ್ರೇ ಯಾವಾಗ ಇಲ್ಲ ಎಂಬುದು ನನಗೇ ಗೊತ್ತು. ಇದನ್ನು ಪ್ರಯೋಗವೆಂದು ಕರೆದರೆ ಪ್ರಯೋಗಕ್ಕೆ ಅವಮಾನ. ಆದರೆ ನನಗೆ ಬೇಕಾದ ಪಾಠ ಅದರಲ್ಲಿತ್ತು. ಸ್ಪ್ರೇ ಬಿಗಿತವನ್ನು ಮುಟ್ಟಿರಲಿಲ್ಲ, ಬಿಗಿತ ಬರುತ್ತಿದೆ ಎಂಬ ಸುಳಿವನ್ನು ಅಳಿಸಿತ್ತು. ಮೂರನೆಯ ದಿನ ಕೆರೆತ ಇಲ್ಲದ ಧೈರ್ಯದಲ್ಲಿ ಇನ್ನೊಂದು ಅರ್ಧ ಸುತ್ತು ಸೇರಿಸಿದೆ. ಆ ದಿನ ಕೆರೆಯ ಏರಿಯ ಕಲ್ಲುಬೆಂಚಿನ ಮೇಲೆ ಮುಂದಕ್ಕೆ ಬಾಗಿ ಕೂತು, ಮಾತಿಗೆ ಮೂರು ಪದ ಸೇರಿಸಲಾಗದೆ, ವಾಕಿಂಗ್‌ಗೆ ಬಂದಿದ್ದ ಹಿರಿಯರೊಬ್ಬರು ಕೊಟ್ಟ ನೀರನ್ನು ಕುಡಿಯಲೂ ಹಿಂಜರಿಯಬೇಕಾಯಿತು. ಹಿಂಜರಿಕೆಗೆ ಕಾರಣ, ಜೋಮು ಪೂರ್ತಿ ಇಳಿದಿದೆಯೋ ಇಲ್ಲವೋ ಎಂಬ ಅನುಮಾನ. ಮರಗಟ್ಟಿದ ಗಂಟಲಿಗೆ ನೀರು ಯಾವ ಕಡೆ ಹೋಗುತ್ತಿದೆ ಎಂದು ತಿಳಿಯುವುದಿಲ್ಲ. ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿದರೂ ಕೆಮ್ಮಿ ಹೊರಹಾಕುವ ಪ್ರತಿವರ್ತನೆ ಕೈಕೊಟ್ಟಿರುತ್ತದೆ. ಅದಕ್ಕಾಗಿಯೇ ಗಂಟಲಿಗೆ ಈ ಔಷಧ ಹೊಡೆದ ಮೇಲೆ ಜೋಮು ಪೂರ್ತಿ ಇಳಿಯುವವರೆಗೆ ಏನನ್ನೂ ತಿನ್ನಬಾರದು, ಕುಡಿಯಬಾರದು ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳುವುದು. ಓಟಗಾರ ಓಡಿ ನಿಂತು ಮೊದಲು ಮಾಡುವ ಕೆಲಸವೇ ನೀರು ಕುಡಿಯುವುದು.

ಪ್ರಮಾಣದ ಅಪಾಯವನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನನ್ನ ಎರಡು ಒತ್ತುಗಳ 20 ಮಿಲಿಗ್ರಾಂನಿಂದ ವಿಷವೇರುವುದಿಲ್ಲ, ನಿಜ. ಬ್ರಾಂಕೋಸ್ಕೋಪಿಗೆ ಬ್ರಿಟಿಷ್ ಥೊರಾಸಿಕ್ ಸೊಸೈಟಿ 2001ರಲ್ಲಿ ಹೇಳಿದ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 8.2 ಮಿಲಿಗ್ರಾಂ. ಆದರೆ ಒಂದು ಶೀಸೆಯಲ್ಲಿರುವುದು 5,000 ಮಿಲಿಗ್ರಾಂ, ಮತ್ತು ಶ್ವಾಸಮಾರ್ಗದ ಒಳಪದರ ಅದನ್ನು ಬಹುಬೇಗ ರಕ್ತಕ್ಕೆ ಸೇರಿಸುತ್ತದೆ. ಅತಿಯಾದರೆ ತುಟಿಯ ಸುತ್ತ ಜುಮ್ಮೆನ್ನುವುದರಿಂದ ಶುರುವಾಗಿ, ಕಿವಿಯಲ್ಲಿ ಗುಂಯ್‌ಗುಡುವಿಕೆ, ಸೆಳವು, ಕೊನೆಗೆ ಹೃದಯದ ಬಡಿತ ತಪ್ಪುವವರೆಗೆ ಹೋಗಬಹುದು. 1996ರಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ ಸಂಶೋಧನೆಗಾಗಿ ಸ್ವಇಚ್ಛೆಯಿಂದ ಬ್ರಾಂಕೋಸ್ಕೋಪಿಗೆ ಒಳಗಾದ 19 ವರ್ಷದ ಆರೋಗ್ಯವಂತ ವಿದ್ಯಾರ್ಥಿನಿಯೊಬ್ಬಳು ಲಿಡೋಕೇನ್ ಅತಿಯಾಗಿ ಸತ್ತಳು. ಅದು ನಡೆದದ್ದು ಆಸ್ಪತ್ರೆಯಲ್ಲಿ, ತಜ್ಞರ ಕೈಯಲ್ಲಿ. ಕೆಲಸ ಮಾಡಲಿಲ್ಲವೆಂದು ಇನ್ನೆರಡು, ಇನ್ನೆರಡು ಎಂದು ಒತ್ತುತ್ತ ಹೋಗುವವನ ಜೊತೆ ಕೆರೆಯ ದಂಡೆಯಲ್ಲಿ ಯಾರಿರುತ್ತಾರೆ? ಮಕ್ಕಳಿರುವ ಮನೆಯಲ್ಲಿ ಈ ಶೀಸೆಯನ್ನು ಕೈಗೆಟುಕುವಂತೆ ಇಡುವುದೇ ತಪ್ಪು.

ಕಲ್ಲುಬೆಂಚಿನ ಘಟನೆಯ ನಂತರ ಒಂದು ಆಸ್ಪತ್ರೆಯ ಶ್ವಾಸಕೋಶ ವಿಭಾಗಕ್ಕೆ ಹೋದೆ. ಇದು ಮೊದಲೇ ಮಾಡಬೇಕಾಗಿದ್ದ ಕೆಲಸವಾದ್ದರಿಂದ ಅದರ ಬಗ್ಗೆಯೂ ನಾಲ್ಕು ಮಾತು ಈ ವಿಮರ್ಶೆಗೆ ಸೇರಬೇಕು. ಹೆಸರು ಕರೆಯುವವರೆಗೆ ಎರಡೂವರೆ ಗಂಟೆ ಕಾದದ್ದನ್ನು ಬಿಟ್ಟರೆ ದೂರಲು ಏನೂ ಇಲ್ಲ. ಮೊದಲು ಸ್ಪೈರೋಮೀಟರ್‌ನಲ್ಲಿ ಊದಿಸಿ, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ ಎಂದು ಅಳೆದರು. ಮೂಗಿಗೆ ಕ್ಲಿಪ್ ಹಾಕಿ ಟ್ರೆಡ್‌ಮಿಲ್ ಮೇಲೆ ಎಂಟು ನಿಮಿಷ ಓಡಿಸಿದರು. ಮೊದಲ ಎರಡು-ಮೂರು ನಿಮಿಷಗಳಲ್ಲೇ ಹೃದಯದ ಬಡಿತ ವಯಸ್ಸಿಗೆ ತಕ್ಕ ಗರಿಷ್ಠದ ಶೇಕಡಾ 80ನ್ನು ದಾಟುವಂತೆ ವೇಗ ಏರಿಸಿದರು, ಏಕೆಂದರೆ ನಿಧಾನವಾಗಿ ಏರಿಸಿದರೆ ಅದೇ ವಾರ್ಮ್ ಅಪ್ ಆಗಿ ಬಿಗಿತ ಬಾರದೆ ಹೋಗಬಹುದು. ನಿಂತ ಮೇಲೆ 5, 10, 15, 30ನೆಯ ನಿಮಿಷಗಳಲ್ಲಿ ಮತ್ತೆ ಊದಿಸಿದರು. ಶೇಕಡಾ 10 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವ್ಯಾಯಾಮದ ಬಿಗಿತವೆಂದು ತೀರ್ಮಾನ. ನನ್ನದು ಶೇಕಡಾ 19 ಇಳಿದಿತ್ತು. ಪರೀಕ್ಷೆ ಮಾಡಿಸಿದ ತಂತ್ರಜ್ಞೆ ಬಿಡುವಿನ ವೇಳೆಯಲ್ಲಿ ಒಂದು ಉಪಯುಕ್ತ ವಿಷಯ ಹೇಳಿದರು. ಓಡುತ್ತಿರುವಾಗಲೇ, ಅದೂ ಉಸಿರು ಒಳಗೆ ಎಳೆದುಕೊಳ್ಳುವಾಗ ಗಂಟಲಲ್ಲಿ ಸದ್ದು ಬಂದು, ನಿಂತ ಕೂಡಲೇ ಸರಿಹೋದರೆ ಅದು ಅಸ್ತಮಾ ಆಗಿರದೆ ಧ್ವನಿಪೆಟ್ಟಿಗೆಯ ಇಕ್ಕಟ್ಟಾಗಿರಬಹುದು, ಅದಕ್ಕೆ ಇನ್ಹೇಲರ್ ನಾಟುವುದಿಲ್ಲ. ಈ ಎರಡನ್ನು ಬೇರ್ಪಡಿಸುವುದಕ್ಕೂ ಇಂಥ ಪರೀಕ್ಷೆ ಬೇಕು.

ವೈದ್ಯೆ ನನಗಿಂತ ಹದಿನೈದು ವರ್ಷ ಚಿಕ್ಕವರು. ಸ್ಪ್ರೇ ವಿಷಯ ಹೇಳಿದಾಗ ಬೈಯಲಿಲ್ಲ. “ಸರ್, ಕಳ್ಳ ಬಂದಾಗ ಬೊಗಳುವ ನಾಯಿಗೆ ನೀವು ನಿದ್ದೆ ಮಾತ್ರೆ ಕೊಟ್ಟಿದ್ದೀರಿ” ಎಂದಷ್ಟೇ ಹೇಳಿ ಚೀಟಿ ಬರೆಯತೊಡಗಿದರು.

ಚೀಟಿಯಲ್ಲಿದ್ದುದು ಹೊಸತೇನಲ್ಲ. ಓಟಕ್ಕೆ ಹದಿನೈದು ನಿಮಿಷ ಮೊದಲು ಸ್ಪೇಸರ್ (ಇನ್ಹೇಲರಿಗೆ ಸಿಕ್ಕಿಸುವ ಟೊಳ್ಳು ಕೊಳವೆ) ಮೂಲಕ ಸಾಲ್ಬ್ಯುಟಮಾಲ್ ಎರಡು ಪಫ್, ಪ್ರತಿ ಪಫ್‌ನಲ್ಲಿ 100 ಮೈಕ್ರೋಗ್ರಾಂ. ಲಿಗ್ನೋಕೇನ್‌ನ ಎರಡು ಒತ್ತಿನ ಜೊತೆ ಹೋಲಿಸಿದರೆ ತೂಕದಲ್ಲಿ ನೂರನೆಯ ಒಂದು ಪಾಲು. ಆದರೆ ಸರಿಯಾದ ಗಾತ್ರದ ಹನಿಯಾಗಿ ಸರಿಯಾದ ಜಾಗಕ್ಕೆ ಹೋಗಿ, ನರದ ಗೊಡವೆಗೆ ಹೋಗದೆ, ಸ್ನಾಯುವಿನ ಮೇಲಿನ ಬೀಟಾ-2 ಗ್ರಾಹಕವನ್ನು ಹಿಡಿದು ಬಿಗಿತವನ್ನು ಸಡಿಲಿಸುತ್ತದೆ, ನಾಲ್ಕರಿಂದ ಆರು ಗಂಟೆ ನಿಲ್ಲುತ್ತದೆ. ಮೊದಲ ದಿನವೇ ಓಡಿ ಬಂದು ಊದಿದಾಗ 520 ಬಂತು. ಕೈ ಸ್ವಲ್ಪ ನಡುಗಿತು, ಅಷ್ಟೇ. ವಾರಕ್ಕೆ ನಾಲ್ಕು ದಿನ ಇದೊಂದನ್ನೇ ನೆಚ್ಚಿಕೊಳ್ಳಬಾರದೆಂದೂ ಅವರು ಹೇಳಿದರು: ನಿತ್ಯ ಬಳಸಿದರೆ ಅದರ ರಕ್ಷಣೆ ತೆಳುವಾಗುತ್ತ ಹೋಗುತ್ತದೆ, ಒಳಗಿನ ಊತ ಹಾಗೆಯೇ ಉಳಿಯುತ್ತದೆ. 2019ರಿಂದ ಜಾಗತಿಕ ಮಾರ್ಗದರ್ಶಿಯೂ ಸ್ಟೀರಾಯ್ಡ್ ಇಲ್ಲದ ಬರಿಯ ಸಾಲ್ಬ್ಯುಟಮಾಲ್ ಚಿಕಿತ್ಸೆಯನ್ನು ಅಸ್ತಮಾಕ್ಕೆ ಒಪ್ಪುವುದಿಲ್ಲ. ಹೀಗಾಗಿ ಎರಡನೆಯ ಭೇಟಿಯಲ್ಲಿ ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡ್ ಮತ್ತು ಶ್ವಾಸನಾಳ ಸಡಿಲಿಸುವ ಫಾರ್ಮೊಟೆರಾಲ್ ಸೇರಿದ ಇನ್ಹೇಲರ್‌ಗೆ ಬದಲಾಯಿಸಿದರು. ಇದು ನನಗೆ ಬರೆದ ಚೀಟಿ. ಓದುವವರ ಚೀಟಿ ಅವರ ವೈದ್ಯರೇ ಬರೆಯಬೇಕು. ಔಷಧವಲ್ಲದ ಎರಡು ಉಪಾಯಗಳನ್ನು ಮಾತ್ರ ಯಾರು ಬೇಕಾದರೂ ಮಾಡಬಹುದು. ತಣ್ಣನೆಯ ಬೆಳಿಗ್ಗೆ ಮೂಗು-ಬಾಯಿ ಮುಚ್ಚುವಂತೆ ತೆಳ್ಳನೆಯ ಬಟ್ಟೆ ಕಟ್ಟಿಕೊಂಡರೆ ಹೊರಬಂದ ಉಸಿರಿನ ತೇವವೇ ಒಳಹೋಗುವ ಗಾಳಿಯನ್ನು ಬೆಚ್ಚಗಾಗಿಸುತ್ತದೆ. ಇನ್ನೊಂದು ವಾರ್ಮ್ ಅಪ್: ಹತ್ತು ನಿಮಿಷ ಬಿಟ್ಟುಬಿಟ್ಟು ವೇಗವಾಗಿ ಓಡಿದರೆ, ಅದರ ನಂತರ ಎರಡು-ಮೂರು ಗಂಟೆ ಶ್ವಾಸನಾಳ ಅಷ್ಟು ಸುಲಭವಾಗಿ ಬಿಗಿಯದ ಅವಧಿಯೊಂದು ಬಹಳ ಜನರಲ್ಲಿ ಇರುತ್ತದೆ. ಎಲ್ಲರಲ್ಲೂ ಅಲ್ಲ, ನನ್ನಲ್ಲಿ ಅರೆಬರೆ.

ಸ್ಪರ್ಧೆಗಳಲ್ಲಿ ಓಡುವವರಿಗೆ ಒಂದು ಸೂಚನೆ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಉಸಿರಿನ ಮೂಲಕ ತೆಗೆದುಕೊಳ್ಳುವ ಸಾಲ್ಬ್ಯುಟಮಾಲ್‌ಗೆ 24 ಗಂಟೆಯಲ್ಲಿ 1,600 ಮೈಕ್ರೋಗ್ರಾಂ ಮಿತಿ ಹಾಕಿದೆ, ಯಾವುದೇ ಎಂಟು ಗಂಟೆಯಲ್ಲಿ 600 ಮೀರಬಾರದು. ಲಿಡೋಕೇನ್ ನಿಷೇಧಿತ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲವೆಂಬುದನ್ನೇ ಅರ್ಹತಾಪತ್ರವೆಂದು ಭಾವಿಸಿ ಸ್ಪ್ರೇ ಕಡೆಗೆ ಹೊರಳುವವರಿದ್ದಾರೆ. ನಮ್ಮ ಓಟದ ಗುಂಪಿನಲ್ಲೇ ಇಬ್ಬರು ಕೇಳಿದರು. ಗಂಟಲು ನೋವಿನ ಚೀಪುವ ಮಾತ್ರೆಗಳಲ್ಲಿ ಕೆಲವು ಬೆಂಜೊಕೇನ್ ಎಂಬ ಇನ್ನೊಂದು ಅರಿವಳಿಕೆ ಸೇರಿರುವಂಥವು, ಅವನ್ನು ಚೀಪುತ್ತ ಓಡಬಹುದೇ ಎಂದು ಒಬ್ಬರ ಪ್ರಶ್ನೆ. ಓಡುತ್ತ ಏನನ್ನು ಚೀಪಿದರೂ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಒಂದು ಕಡೆ. ಬೆಂಜೊಕೇನ್ ಅಪರೂಪಕ್ಕೆ ರಕ್ತದ ಹಿಮೋಗ್ಲೋಬಿನ್ನನ್ನೇ ಆಮ್ಲಜನಕ ಹೊರಲಾಗದಂತೆ ಮಾರ್ಪಡಿಸುತ್ತದೆ ಎಂಬುದು ಇನ್ನೊಂದು ಕಡೆ. ಉಸಿರಿಗಾಗಿ ಪರದಾಡುವವನಿಗೆ ಇದಕ್ಕಿಂತ ಕೆಟ್ಟ ಆಯ್ಕೆ ಹುಡುಕುವುದು ಕಷ್ಟ.

ಅಂಕ ಕೊಡುವುದಾದರೆ, ಹಲ್ಲಿನ ಕುರ್ಚಿಯಲ್ಲಿ ಕೂತವನಾಗಿ ಈ ಸ್ಪ್ರೇಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಕಹಿಗೆ ಅರ್ಧ ಕಳೆದು. ಓಟಗಾರನಾಗಿ ಸೊನ್ನೆ, ಮತ್ತು ಆ ಸೊನ್ನೆ ಸೇರಬೇಕಾದ್ದು ಶೀಸೆಗಲ್ಲ, ಕೊಂಡವನಿಗೆ. ಅಂಗಡಿಗೂ ಒಂದು ಅಂಕ ಕಳೆಯಬೇಕೆಂದಿದ್ದೆ. ವೈದ್ಯರ ಚೀಟಿ ಕೇಳದೆ, ಯಾವುದಕ್ಕೆಂದೂ ವಿಚಾರಿಸದೆ ಶೀಸೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಕಳೆದ ವಾರ ಇನ್ಹೇಲರ್ ತರಲು ಹೋದಾಗ ಅದನ್ನೇ ಕೇಳಿದೆ. ಕೌಂಟರಿನ ಹಿಂದಿದ್ದ ಹುಡುಗ ನಮ್ಮ ಕಾಲೇಜಿನಲ್ಲೇ ಓದಿದವನು. “ಸ್ಥಳೀಯ ಅರಿವಳಿಕೆ ಪಾಠ ನೀವೇ ಮಾಡಿದ್ದು, ಸರ್. ನಿಮ್ಮನ್ನ ಏನಂತ ಕೇಳ್ಲಿ?” ಎಂದ.